ಕೈಪಿಡಿ ಕೋಡ್ ಪಕ್ಕದಲ್ಲೇ ಇರಲಿ: ತಂತ್ರಾಂಶ ತಂಡದ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಹೊಸ ಪ್ರಾಜೆಕ್ಟ್ ಕೈಗೆತ್ತಿಕೊಂಡಿರುವ ಮುಖ್ಯಸ್ಥರೇ,

‘ಡಾಕ್ಯುಮೆಂಟೇಷನ್ ವರ್ಡ್‌ನಲ್ಲೇ ಇರಲಿ, ಎಲ್ಲರಿಗೂ ಬರುತ್ತದೆ’ ಎಂದು ತೀರ್ಮಾನಿಸುವ ಮುನ್ನ ಇದನ್ನು ಓದಿ. ಡಾಕ್‌ಎಕ್ಸ್ ಕಡತ ಅಸಲಿಗೆ ಒಂದು ಜಿಪ್ ಗಂಟು. ಅದರಲ್ಲಿ ಒಂದು ಸಾಲು ತಿದ್ದಿದರೂ ಗಿಟ್ ತಾನಾಗಿ ಹೇಳುವುದು ಕಡತ ಬದಲಾಗಿದೆ ಎಂದಷ್ಟೇ. ಏನಿತ್ತು, ಏನಾಯಿತು ಎಂದು ತೋರಿಸುವುದಿಲ್ಲ. ಹಾಗಾಗಿ ರಿವ್ಯೂ ಮಾಡುವವರು ಅದರ ಗೋಜಿಗೇ ಹೋಗುವುದಿಲ್ಲ. ಕೆಲವೇ ತಿಂಗಳಲ್ಲಿ ಕೋಡ್ ಒಂದು ಹೇಳುತ್ತದೆ, ಕೈಪಿಡಿ ಇನ್ನೊಂದು. ಹೊಸದಾಗಿ ಕೆಲಸಕ್ಕೆ ಸೇರಿದವರು ಕೈಪಿಡಿಯನ್ನು ನಂಬಿ ಇಡೀ ದಿನ ಕಳೆದುಕೊಳ್ಳುತ್ತಾರೆ. ನನಗೆ ಸಂಕಟವಾಗುವುದು ಅವರನ್ನು ನೆನೆದು.

ಸಾದಾ ಪಠ್ಯದಲ್ಲಿ ಬರೆಯಿರಿ, ಕೋಡ್ ಇರುವ ರೆಪಾಸಿಟರಿಯಲ್ಲೇ ಇಡಿ. ಫಂಕ್ಷನ್ ಬದಲಿಸಿದವರು ಅದೇ ಕಮಿಟ್‌ನಲ್ಲಿ ವಿವರಣೆಯನ್ನೂ ಬದಲಿಸಲಿ. ಯಾವ ರೂಪ ಎಂಬುದು ಆಮೇಲಿನ ಮಾತು.

ರೀಡ್‌ಮಿ ಕಡತಕ್ಕೆ ಮಾರ್ಕ್‌ಡೌನ್ ಧಾರಾಳ ಸಾಕು. ಆದರೆ 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಈ ರೂಪ ವೆಬ್ ಬರಹಕ್ಕೆಂದು ಹುಟ್ಟಿದ್ದು. ಮೂಲದಲ್ಲಿ ಕೋಷ್ಟಕಕ್ಕೆ ಗುರುತೇ ಇರಲಿಲ್ಲ. ಸಾಲು ಮುರಿಯಲು ಕೊನೆಯಲ್ಲಿ ಎರಡು ಸ್ಪೇಸ್ ಬಿಡಬೇಕು. ಕಣ್ಣಿಗೆ ಕಾಣದ ಆ ಸ್ಪೇಸ್‌ಗಳನ್ನು ಎಷ್ಟೋ ಎಡಿಟರ್‌ಗಳು ಸೇವ್ ಮಾಡುವಾಗ ಅಳಿಸಿಹಾಕುತ್ತವೆ, ಬಿಡಿಬಿಡಿಯಾಗಿದ್ದ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಪುಟಗಳು ನೂರು ದಾಟುತ್ತವೆ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಬೇಕು ಎಂದಾದರೆ ಸ್ಫಿಂಕ್ಸ್ ಜೊತೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಇಲ್ಲವೇ ಆಸ್ಕಿಡಾಕ್ ಹಿಡಿಯಿರಿ. ಪೈಥಾನ್ ತನ್ನ ಕೈಪಿಡಿಯನ್ನು 2008ರ 2.6ನೇ ಆವೃತ್ತಿಯ ಹೊತ್ತಿಗೆ ಲೇಟೆಕ್‌ನಿಂದ ಮೊದಲನೆಯದಕ್ಕೆ ತಂದಿತು. ಲಿನಕ್ಸ್ ಕರ್ನಲ್ 2016ರಲ್ಲಿ ಡಾಕ್‌ಬುಕ್ ಬಿಟ್ಟು ಅದೇ ದಾರಿ ಹಿಡಿಯತೊಡಗಿತು. ಗಿಟ್‌ನ ಸ್ವಂತ ಮ್ಯಾನ್ ಪುಟಗಳಿರುವುದು ಆಸ್ಕಿಡಾಕ್‌ನಲ್ಲಿ. ಎರಡರಲ್ಲೂ ನಾನು ಮೆಚ್ಚುವ ಗುಣವೊಂದಿದೆ: ಮಾದರಿ ಕೋಡನ್ನು ನಕಲು ಮಾಡಿ ಅಂಟಿಸಬೇಕಿಲ್ಲ, ಟೆಸ್ಟ್‌ಗೆ ಒಳಪಡುವ ನಿಜವಾದ ಕಡತದಿಂದಲೇ ಬೇಕಾದ ಭಾಗವನ್ನು ಎಳೆದು ತೋರಿಸಬಹುದು. ಮಾದರಿ ಕೆಟ್ಟರೆ ಟೆಸ್ಟ್ ಬೀಳುತ್ತದೆ, ತಂಡಕ್ಕೆ ಅಂದೇ ಗೊತ್ತಾಗುತ್ತದೆ.

ತಪ್ಪು ರೂಪ ಹಿಡಿದರೆ ಏನಾಗುತ್ತದೆಂದು ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಿಸಿ ಪರಿವರ್ತಿಸಿ ಇನ್ನೂ ಮುಗಿದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎನ್ನುತ್ತಿಲ್ಲ. ಇನ್‌ಸ್ಟಾಲ್ ಮಾಡುವ ವಿಧಾನದ ಪುಟವೊಂದನ್ನು ಈ ವಾರ ರೆಪಾಸಿಟರಿಗೆ ಸೇರಿಸಿ. ಮುಂದೆ ಇನ್‌ಸ್ಟಾಲ್ ಕ್ರಮ ಬದಲಿಸುವ ಯಾವ ಪುಲ್ ರಿಕ್ವೆಸ್ಟ್ ಬಂದರೂ, ಆ ಪುಟ ತಿದ್ದಿರದಿದ್ದರೆ ದಯವಿಟ್ಟು ಮರ್ಜ್ ಮಾಡಬೇಡಿ.

ಇಂತಿ,
ನಿಮ್ಮಂಥವರ ಕೈಪಿಡಿಗಳನ್ನು ನಂಬಿ ಕೆಲಸ ಮಾಡುವವನು