ಎಲ್ಲೆಂದರಲ್ಲಿ ಹೋಗುವ ಗಾಡಿ

ಬೆಂಗಳೂರಿನ ಸುತ್ತಮುತ್ತಲ ರೆಸಾರ್ಟುಗಳಲ್ಲಿ ಎಟಿವಿ ಎಂಬ ನಾಲ್ಕು ಚಕ್ರದ ಗಾಡಿ ಇರುತ್ತದೆ. ದಪ್ಪ ಟೈರು, ಬೈಕಿನ ಹ್ಯಾಂಡಲ್ಲು, ಎಲ್ಲಿ ಬೇಕಾದರೂ ನುಗ್ಗುತ್ತೇನೆ ಎಂಬ ಮುಖಭಾವ. ಹತ್ತು ನಿಮಿಷದ ಸವಾರಿಗೆ ದುಡ್ಡು ಕಟ್ಟಿದವರ ತಲೆಗೆ ಹೆಲ್ಮೆಟ್ಟು, ಮಂಡಿಗೂ ಮೊಣಕೈಗೂ ಕವಚ ತೊಡಿಸಿ, ಬ್ರೇಕು ಇದು, ಆಕ್ಸಲರೇಟರ್ ಇದು ಎಂದು ಪಾಠ ಹೇಳಿ, ಹಳೆಯ ಟೈರುಗಳ ಬೇಲಿಯೊಳಗೆ ನಾಲ್ಕು ಸುತ್ತು ಹೊಡೆಸುತ್ತಾರೆ. ಅಲ್ಲಿನ ಕೆಸರು ಕೂಡ ಟ್ಯಾಂಕರ್ ನೀರು ಬಿಟ್ಟು ಮಾಡಿದ್ದು. ಅದೇ ಹೊತ್ತಿಗೆ ನೆಲಮಂಗಲದ ಪಕ್ಕದ ಅರಿಶಿನಕುಂಟೆಯ ಕಡೆ ಟಿವಿಎಸ್ ಎಕ್ಸೆಲ್ಲೆಂಬ ಒಂದು ಮೊಪೆಡ್ಡು ಎರಡು ಹಾಲಿನ ಕ್ಯಾನು, ಒಂದು ಬೂಸಾ ಮೂಟೆ ಹೊತ್ತು ರಾಗಿ ಹೊಲದ ಬದುವಿನಿಂದ ಇಳಿದು, ಮಣ್ಣುದಾರಿ ಹಿಡಿದು, ಸಿಮೆಂಟ್ ರಸ್ತೆಯ ಹಂಪುಗಳನ್ನು ಹಾರಿ, ಸರ್ವಿಸ್ ರಸ್ತೆಯಲ್ಲಿ ಒಂದಷ್ಟು ದೂರ ರಾಂಗ್ ಸೈಡಿನಲ್ಲಿ ಓಡಿ, ಕೊನೆಗೆ ರಾಷ್ಟ್ರೀಯ ಹೆದ್ದಾರಿಗೇ ಇಳಿಯುತ್ತದೆ. ಅದರ ಸವಾರನ ಮೈಮೇಲಿರುವ ರಕ್ಷಣಾಸಾಮಗ್ರಿ ಎಂದರೆ ಹೆಗಲ ಮೇಲಿನ ಟವೆಲ್ಲು ಒಂದೇ. ನನ್ನ ವಾದ ಸರಳವಾದದ್ದು: ನಮ್ಮ ಸೀಮೆಯ ನಿಜವಾದ ಎಟಿವಿ ಈ ಎಕ್ಸೆಲ್ಲು. ಹಾಗಿದ್ದ ಮೇಲೆ ಎಟಿವಿಗೆ ಸಲ್ಲುವ ಭಯಭಕ್ತಿಯೆಲ್ಲ ಇದಕ್ಕೂ ಸಲ್ಲಬೇಕು. ನಾವು ಅಪಾಯವನ್ನು ಗಾಡಿಯ ಮುಖ ನೋಡಿ ಅಳೆಯುತ್ತೇವೆ, ಅದು ಹೋಗುವ ದಾರಿ ನೋಡಿ ಅಳೆಯುವುದಿಲ್ಲ.

ಎಟಿವಿಯ ನಿಯಮಗಳನ್ನು ಯಾರೋ ಫ್ಯಾನಿನ ಕೆಳಗೆ ಕೂತು ಬರೆದದ್ದಲ್ಲ. ಅವುಗಳ ಹಿಂದೆ ಮುರಿದ ಮೂಳೆಗಳಿವೆ. ಚಳಿಗಾಲದಲ್ಲಿ ಬೈಕು ಹೋಗುವುದಿಲ್ಲ, ಆಗಲೂ ಮಾರಲು ಏನಾದರೂ ಕೊಡಿ ಎಂದು ಅಮೆರಿಕದ ಡೀಲರುಗಳು ಕೇಳಿದ್ದಕ್ಕೆ ಹೋಂಡಾ ಕಂಪನಿ 1970ರಲ್ಲಿ ಉಬ್ಬಿದ ಟೈರುಗಳ ಮೂರು ಚಕ್ರದ ಗಾಡಿಯೊಂದನ್ನು ಬಿಟ್ಟಿತು. ಮರುವರ್ಷವೇ ಅದು ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಕಾಣಿಸಿಕೊಂಡಿತು. (ನಮ್ಮ ಸಿನಿಮಾಗಳಲ್ಲಿ ಎಕ್ಸೆಲ್ಲು ಸಿಗುವುದು ಹಾಸ್ಯನಟನಿಗೆ. ಅವಮಾನ ಅಲ್ಲಿಂದಲೇ ಶುರು.) ಮೂರು ಚಕ್ರದ್ದು ತಿರುವಿನಲ್ಲಿ ಮಗುಚುತ್ತಿತ್ತು. ಸುಜುಕಿ 1982ರಲ್ಲಿ ನಾಲ್ಕು ಚಕ್ರದ್ದನ್ನು ತಂದಿತು. ಆದರೂ ಗಾಯಗೊಂಡವರ ಸಾಲು ಬೆಳೆಯಿತು. ಕೊನೆಗೆ 1988ರಲ್ಲಿ ಅಮೆರಿಕದ ಸರ್ಕಾರ ಕಂಪನಿಗಳನ್ನು ನ್ಯಾಯಾಲಯಕ್ಕೆಳೆದು ಒಪ್ಪಂದ ಮಾಡಿಸಿತು: ಹೊಸ ಮೂರು ಚಕ್ರದ ಗಾಡಿ ಮಾರುವಂತಿಲ್ಲ, ಕೊಂಡವರಿಗೆ ತರಬೇತಿ ಕೊಡಬೇಕು, 90 ಸಿಸಿಗಿಂತ ದೊಡ್ಡ ಗಾಡಿ 16 ವರ್ಷದೊಳಗಿನವರಿಗೆ ಬೇಡ. ನಮ್ಮ ಎಕ್ಸೆಲ್ಲಿನ ಪೂರ್ವಜ ಟಿವಿಎಸ್ 50 ಹೊಸೂರಿನ ಕಾರ್ಖಾನೆಯಿಂದ ಹೊರಬಂದದ್ದು 1980ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. ವ್ಯತ್ಯಾಸ ಎಲ್ಲಿ ಎಂದರೆ, ಎಲ್ಲಾ ನೆಲದ ಮೇಲೂ ಓಡುತ್ತದೆಂದು ಹೆಸರು ಹೊತ್ತ ಎಟಿವಿ ಓಡಬಾರದ ನೆಲವೊಂದಿದೆ, ಅದು ಡಾಂಬರು. ಅನೇಕ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದುಕೊಂಡಿರುತ್ತವೆ. ಮಣ್ಣಿನಲ್ಲಾದರೆ ಒಂದು ಚಕ್ರ ಜಾರಿಕೊಂಡು ತಿರುವಿಗೆ ಹೊಂದಿಕೊಳ್ಳುತ್ತದೆ. ಹಿಡಿತವಿರುವ ಡಾಂಬರಿನಲ್ಲಿ ಜಾರಲಾರದೆ ಗಾಡಿಯನ್ನೇ ಎತ್ತಿ ಹಾಕಬಹುದು. ನಮ್ಮಲ್ಲಿ ಈ ಮನರಂಜನೆಯ ಗಾಡಿಗಳಿಗೆ ರಸ್ತೆಯ ನೋಂದಣಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಎಲ್ಲೆಂದರಲ್ಲಿ ಹೋಗುವ ಹಕ್ಕು ನಂಬರ್ ಪ್ಲೇಟಿನ ಸಮೇತ ಇರುವುದು ಎಕ್ಸೆಲ್ಲಿಗೆ.

ಇನ್ನು ಆ ನೆಲ ಎಂಥದ್ದೆಂದು ನೋಡಬೇಕು. ಅರಿಶಿನಕುಂಟೆ ಇರುವುದು ತುಮಕೂರು ರಸ್ತೆಯಲ್ಲಿ. ಸ್ವಲ್ಪ ಮುಂದೆ ಹೋದರೆ ಕುಣಿಗಲ್, ಹಾಸನ, ಮಂಗಳೂರಿನ ದಾರಿ ಒಡೆಯುತ್ತದೆ. ಮೊದಲು ತುಮಕೂರಿನದು ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಮಂಗಳೂರಿನದು ನಲವತ್ತೆಂಟು. 2010ರಲ್ಲಿ ದೆಹಲಿಯವರು ನಂಬರು ಬದಲಿಸಿದಾಗ ತುಮಕೂರಿನದು 48 ಆಯಿತು, ಮಂಗಳೂರಿನದು 75 ಆಯಿತು. ರಸ್ತೆಗಳೇ ಹೆಸರು ಅದಲುಬದಲು ಮಾಡಿಕೊಳ್ಳುವ ಊರಿನಲ್ಲಿ ಸವಾರ ದಿಕ್ಕು ಅದಲುಬದಲು ಮಾಡಿದರೆ ಅಷ್ಟು ಕೋಪ ಬರಬಾರದೇನೋ. ಹೆದ್ದಾರಿಯ ಒಂದು ಮಗ್ಗುಲಿಗೆ ಗೋಡೌನುಗಳು, ಕಂಟೇನರ್ ಲಾರಿಗಳು, ಲೇಔಟುಗಳು. ಅವುಗಳ ಬೆನ್ನಿಗೇ ಕೆಂಪುಮಣ್ಣಿನ ಹೊಲ, ನೀಲಗಿರಿ ತೋಪು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜಲ್ಲಿ, ಮರಳು, ಕೊಚ್ಚೆ, ಕಾಂಕ್ರೀಟು, ಪೈಪಿಗೆಂದು ಅಗೆದು ಮುಚ್ಚಿದಂತೆ ನಟಿಸಿದ ಗುಂಡಿ, ಎಲ್ಲವೂ ಚಕ್ರದಡಿಗೆ ಬಂದುಹೋಗುತ್ತವೆ. ಸುಗ್ಗಿ ಮುಗಿಯುವ ಹೊತ್ತಿಗಂತೂ ಗಾಡಿ ಹೊಲಕ್ಕೆ ಹೋಗಬೇಕಾದ ಪ್ರಮೇಯವೇ ಇಲ್ಲ, ಹೊಲವೇ ರಸ್ತೆಗೆ ಬರುತ್ತದೆ. ಕಣ ಮಾಡುವವರು ಕಡಿಮೆಯಾಗಿ ರಾಗಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿದರೆ, ಬಿಟ್ಟಿ ರೋಣಗಲ್ಲುಗಳಾಗಿ ಬಸ್ಸು, ಲಾರಿ, ಕಾರುಗಳು ಒಕ್ಕುತ್ತವೆ. ಒಣಗಿದ ಹುರುಳಿ ಕಡ್ಡಿಯ ಮೇಲೆ ಕಾರು ಹೇಗೋ ದಾಟಿಕೊಳ್ಳುತ್ತದೆ. ಎರಡು ಚಕ್ರದ್ದು ಬ್ರೇಕು ಹಿಡಿದರೆ ಸವಾರನೇ ಒಕ್ಕಣೆಯಾಗುತ್ತಾನೆ. ರೆಸಾರ್ಟಿನಲ್ಲಿ ಇಂಥದ್ದೊಂದು ಟ್ರ್ಯಾಕು ಮಾಡಿದ್ದರೆ ಮೊದಲು ನಮ್ಮಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಇಂಥ ನೆಲದ ಮೇಲೆ ಎಟಿವಿಯವರು ಹೇಳುವ ಮೊದಲ ಮಾತು ಒಬ್ಬನೇ ಕೂತುಕೋ ಎಂಬುದು. ಆ ಗಾಡಿಯ ಸೀಟು ಉದ್ದವಾಗಿರುವುದು ಹಿಂದೆ ಇನ್ನೊಬ್ಬರನ್ನು ಕೂರಿಸಲಿಕ್ಕಲ್ಲ. ಏರು ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ತಿರುವಿನಲ್ಲಿ ಒಳಮಗ್ಗುಲಿಗೆ ಸವಾರ ತನ್ನ ಭಾರವನ್ನು ಸರಿಸಿಕೊಳ್ಳಲಿ ಎಂದು. ಮೈಭಾರವೇ ಅಲ್ಲಿ ಅರ್ಧ ಸ್ಟಿಯರಿಂಗು. ಎಕ್ಸೆಲ್ಲಿನಲ್ಲಿ ಈ ಸರಿದಾಟಕ್ಕೆ ಜಾಗವೆಲ್ಲಿದೆ? ಮುಂದಿನ ತಟ್ಟೆಯ ಮೇಲೆ ಗ್ಯಾಸ್ ಸಿಲಿಂಡರು ಅಥವಾ ಬೂಸಾ ಮೂಟೆ, ಅದರ ಎರಡು ಬದಿಗೆ ಚಾಚಿದ ಮಂಡಿಗಳು, ಹಿಂದಿನ ಸೀಟು ಬಿಚ್ಚಿಟ್ಟ ಜಾಗದಲ್ಲಿ ಕ್ಯಾನುಗಳು. ಬ್ರೇಕುಗಳೆರಡೂ ಕೈಯಲ್ಲೇ ಇರುವುದರಿಂದ ಕಾಲಿಗೆ ಕೆಲಸವಿಲ್ಲ ಎಂಬುದೊಂದು ಪುಣ್ಯ. ಆದರೆ ಹ್ಯಾಂಡಲ್ಲು ಪೂರ್ತಿ ತಿರುಗಿಸಿದರೆ ಮೂಟೆಗೆ ತಾಗುತ್ತದೆ. ಎಕ್ಸೆಲ್ 100ಕ್ಕೆ ಕಂಪನಿ ಹೇಳಿರುವ ಭಾರ ಸುಮಾರು 130 ಕೆ.ಜಿ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕೆ.ಜಿ. ತೂಗುತ್ತದೆ, ಕ್ಯಾನಿನದು ಬೇರೆ. ಅಂಥವೆರಡು, 50 ಕೆ.ಜಿ. ಮೂಟೆಯೊಂದು, ಮೇಲೆ ಮುದ್ದೆ ಉಂಡು ಬಂದ ಯಜಮಾನರು: ಲೆಕ್ಕ ಹಾಕಲು ಕಾಗದ ಬೇಡ. ಕ್ಯಾನು ಅರ್ಧ ತುಂಬಿದ್ದರೆ ಹಗುರ ಎಂದುಕೊಳ್ಳುವುದೂ ತಪ್ಪು. ಒಳಗೆ ತುಳುಕುವ ಹಾಲು ತಿರುವಿನಲ್ಲಿ ತಾನೂ ಒಂದು ಅಭಿಪ್ರಾಯ ಇಟ್ಟುಕೊಂಡು ಎದುರು ಮಗ್ಗುಲಿಗೆ ಎಳೆಯುತ್ತದೆ. ಭಾರವೆಲ್ಲ ಹಿಂದಿನ ಅಚ್ಚಿನ ಆಚೆಗೆ ಹೋದರೆ ದಿಬ್ಬ ಹತ್ತುವಾಗ ಮುಂದಿನ ಚಕ್ರ ನೆಲ ಬಿಡಲು ನೋಡುತ್ತದೆ. ಹೊರಲೇಬೇಕೆಂದಾದರೆ ತಗ್ಗಿನಲ್ಲಿ, ನಡುವಿಗೆ ಹತ್ತಿರವಾಗಿ, ಎರಡೂ ಕಡೆ ಸಮ ಕಟ್ಟಬೇಕು, ಒಂದು ಸುತ್ತು ಹೆಚ್ಚು ಹೊಡೆಯಬೇಕು. ಎತ್ತಿನಗಾಡಿಯ ಕಾಲದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೇರು ಹಿಂದಾದರೆ ನೊಗ ಮೇಲೇಳುತ್ತಿತ್ತು, ಎತ್ತೇ ನಿಂತುಬಿಡುತ್ತಿತ್ತು. ಎಂಜಿನ್ನಿಗೆ ಆ ವಿವೇಕವಿಲ್ಲ.

ಅದು ಓಡುವುದೇ ನಲವತ್ತರಲ್ಲಿ, ಏನಾಗುತ್ತೆ ಬಿಡಿ ಎನ್ನುವವರಿದ್ದಾರೆ. ಇದು ಗಟ್ಟಿ ಆಕ್ಷೇಪ, ಒಳರಸ್ತೆಗೆ ಅರ್ಧದಷ್ಟು ನಿಜ ಕೂಡ. ಹೆದ್ದಾರಿಯಲ್ಲಿ ಮಾತ್ರ ನಿಧಾನವೇ ಅಪಾಯ; ಎಂಬತ್ತರಲ್ಲಿ ಬರುವವನಿಗೆ ನಲವತ್ತರ ಎಕ್ಸೆಲ್ಲು ಎದುರಿಗೆ ಹಠಾತ್ತನೆ ಹುಟ್ಟಿದಂತಿರುತ್ತದೆ. ಇನ್ನು ನಿಲ್ಲುವ ವಿಷಯ. ಈ ಗಾಡಿಯ ಬ್ರೇಕ್ ಡ್ರಮ್ಮು 110 ಮಿ.ಮೀ., ಊಟದ ತಟ್ಟೆಗಿಂತ ಚಿಕ್ಕದು. 2019ರಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರಗಳಲ್ಲಿ ಒಂದು ಬ್ರೇಕು ಹಿಡಿದರೆ ಇನ್ನೊಂದೂ ಸ್ವಲ್ಪ ಹಿಡಿಯುವ ಏರ್ಪಾಡು ಬಂದಿದೆ, ಸರಿ. ಶೂ ಸವೆದು, ಕೇಬಲ್ಲು ಜಗ್ಗಿ, ಲಿವರು ಹಿಡಿಕೆಗೆ ತಾಗುವ ಗಾಡಿಯಲ್ಲಿ ಆ ಏರ್ಪಾಡು ಎರಡು ಸೊನ್ನೆಗಳನ್ನು ಕೂಡಿಸುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಎಟಿವಿ ಕಟ್ಟಿ ಓಡಿಸುವ ಬಾಹಾ ಎಸ್‌ಎಇ ಇಂಡಿಯಾ ಎಂಬ ಸ್ಪರ್ಧೆ 2007ರಿಂದ ನಡೆಯುತ್ತಿದೆ. ಅದರಲ್ಲಿ ಓಟಕ್ಕೆ ಮೊದಲು ಬ್ರೇಕ್ ಪರೀಕ್ಷೆ: ನಾಲ್ಕು ಚಕ್ರಗಳೂ ಒಟ್ಟಿಗೆ ಕಚ್ಚಿ ನಿಲ್ಲಬೇಕು, ಇಲ್ಲದಿದ್ದರೆ ವರ್ಷವಿಡೀ ವೆಲ್ಡಿಂಗ್ ಮಾಡಿದ ಗಾಡಿ ಟ್ರ್ಯಾಕಿಗೇ ಇಳಿಯುವಂತಿಲ್ಲ. ಹಾಲಿನ ಡೈರಿಯ ಮುಂದೆ ಒಂದು ಬೆಳಗ್ಗೆ ಅಂಥ ಪರೀಕ್ಷೆ ಇಟ್ಟರೆ ಆ ದಿನ ಎಷ್ಟು ಲೀಟರು ಹಾಲು ನಡೆದುಕೊಂಡು ಬರಬೇಕಾದೀತು ಎಂದು ಯೋಚಿಸಿ.

ಹತ್ತು ವರ್ಷದಿಂದ ಏನೂ ಮಾಡಿಸಿಲ್ಲ, ಆದರೂ ಓಡುತ್ತಿದೆ ಎಂಬುದು ಮುಂದಿನ ಆಕ್ಷೇಪ, ಇದನ್ನು ಹೇಳುವವರು ಎದೆ ಸ್ವಲ್ಪ ಉಬ್ಬಿಸಿಯೇ ಹೇಳುತ್ತಾರೆ. ಓಡದೆ ಹೋದವು ಗುಜರಿಯಲ್ಲಿವೆ, ಅವು ಸಾಕ್ಷಿ ಹೇಳಲು ಬರುವುದಿಲ್ಲ. ಅಲ್ಲದೆ ಈ ನಂಬಿಕೆಗೆ ಒಂದು ಹಳೆಯ ಕಾರಣವಿದೆ. ಟಿವಿಎಸ್ 50, ಆಮೇಲಿನ ಎಕ್ಸೆಲ್ ಸೂಪರ್ ಎಲ್ಲ ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೇ ಆಯಿಲು ಬೆರೆಸಿ ಹಾಕುತ್ತಿದ್ದರಿಂದ ಪ್ರತಿ ಸಲ ಟ್ಯಾಂಕು ತುಂಬಿದಾಗಲೂ ಎಂಜಿನ್ನಿಗೆ ತಾನಾಗಿ ಹೊಸ ಆಯಿಲು ಸಿಗುತ್ತಿತ್ತು. ಬೇರೆ ಆರೈಕೆ ಕೇಳುತ್ತಿರಲಿಲ್ಲ. 2015ರಲ್ಲಿ ಬಂದ ಎಕ್ಸೆಲ್ 100 ಫೋರ್ ಸ್ಟ್ರೋಕು. ಇದರ ಆಯಿಲು ಎಂಜಿನ್ನಿನ ಹೊಟ್ಟೆಯಲ್ಲಿ ಪ್ರತ್ಯೇಕ ಇರುತ್ತದೆ, ಕಪ್ಪಾಗುತ್ತದೆ, ಕಡಿಮೆಯಾಗುತ್ತದೆ, ಯಾರೂ ನೋಡದಿದ್ದರೆ ಸದ್ದಿಲ್ಲದೆ ಮುಗಿಯುತ್ತದೆ. ಗಾಡಿ ಬದಲಾಯಿತು, ಸವಾರನ ಕೈ ಇನ್ನೂ 1980ರಲ್ಲೇ ಇದೆ. ನನಗೆ ಕಂಡಂತೆ ಎಕ್ಸೆಲ್ಲುಗಳ ಅಕಾಲಮರಣಕ್ಕೆ ಗುಂಡಿಗಳಿಗಿಂತ ಈ ನಿಷ್ಠೆಯೇ ದೊಡ್ಡ ಕಾರಣ. ಉಳಿದ ಆರೈಕೆಯೂ ಎಟಿವಿಯದೇ. ಕೆಂಪು ದೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕ ಹೇಳಿದ್ದಕ್ಕಿಂತ ಬೇಗ ಬಿಚ್ಚಿ ನೋಡಬೇಕು. ಕಟ್ಟಿಕೊಂಡರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಹರಿದಿದ್ದರೆ ಮಣ್ಣು ನೇರ ಪಿಸ್ಟನ್ನಿಗೆ ಹೋಗುತ್ತದೆ. ಹಳೇ ಆಯಿಲು ಸುರಿದ ಚೈನಿನ ಮೇಲೆ ಆ ದೂಳು ಕೂತರೆ ಸಾಣೆ ಪುಡಿಯ ಕೆಲಸ ಮಾಡಿ ಹಲ್ಲುಗಳನ್ನು ತಿನ್ನುತ್ತದೆ, ಆದ್ದರಿಂದ ಮೊದಲು ಒರೆಸಿ ಆಮೇಲೆ ಎಣ್ಣೆ. ವಾಟರ್ ಸರ್ವಿಸ್ ಆದ ಮೇಲೂ, ಹಳ್ಳದ ನೀರು ದಾಟಿದ ಮೇಲೂ ಡ್ರಮ್ಮಿನೊಳಗೆ ನೀರು ಇರುತ್ತದೆ. ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಅದುಮುತ್ತಾ ಹೋದರೆ ಆರುತ್ತದೆ. ಗಾಳಿಯೊಂದರಲ್ಲಿ ಮಾತ್ರ ಎಟಿವಿಯನ್ನು ನೋಡಿ ಕಲಿಯಬಾರದು. ಅದರ ಬಲೂನು ಟೈರಿಗೆ ಏಳೆಂಟು ಪೌಂಡಿಗಿಂತ ಕಡಿಮೆ ಗಾಳಿಯೇ ಸಾಕಾಗುವುದುಂಟು. ಹೇರು ಹೊತ್ತ ಎಕ್ಸೆಲ್ಲಿನ ಸಣ್ಣ ಟೈರಿನಲ್ಲಿ ಗಾಳಿ ಇಳಿದರೆ ಟ್ಯೂಬು ಹೊರಳಿ ವಾಲ್ವು ಕಿತ್ತುಹೋಗುತ್ತದೆ.

ಇಷ್ಟಕ್ಕೆಲ್ಲ ದುಡ್ಡು, ಪುರುಸೊತ್ತು ಎಲ್ಲಿದೆ ಎಂದರೆ, ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲಿಗೆ ಬೇಕಾದದ್ದು ಹಳೇ ಬನಿಯನ್ನಿನ ತುಂಡು. ಹೆಲ್ಮೆಟ್ಟಿನದು ಬೇರೆ ಕಥೆ. ಅದು ನಮ್ಮಲ್ಲಿ ಪ್ರತಿಯೊಂದು ಎಕ್ಸೆಲ್ಲಿಗೂ ಇರುತ್ತದೆ, ಕನ್ನಡಿಗೆ ನೇತುಹಾಕಿರುತ್ತದೆ, ಅದರೊಳಗೆ ಟೊಮೆಟೊ ಇರುತ್ತದೆ. ಪೊಲೀಸರು ನಿಲ್ಲುವ ಜಾಗ ಬಂದಾಗ ಟೊಮೆಟೊ ಚೀಲಕ್ಕೆ, ಹೆಲ್ಮೆಟ್ಟು ತಲೆಗೆ. ಹಿಂದೆ ಕೂತವರಿಗೂ ಅದು ಕಡ್ಡಾಯವಾದದ್ದು ಕರ್ನಾಟಕದಲ್ಲಿ 2016ರಲ್ಲಿ. ಮಕ್ಕಳ ವಿಷಯ ಇನ್ನೂ ನಾಜೂಕಿನದು. ಟಿವಿಎಸ್ 50ನ್ನು 16 ವರ್ಷಕ್ಕೆ ಲೈಸೆನ್ಸು ಪಡೆದು ಓಡಿಸಬಹುದಿತ್ತು, 50 ಸಿಸಿ ದಾಟುತ್ತಿರಲಿಲ್ಲವಲ್ಲ. ಎಕ್ಸೆಲ್ 100ರದು 99.7 ಸಿಸಿ, 18 ತುಂಬಲೇಬೇಕು. ಸೀಟು ತಗ್ಗು, ಗೇರಿಲ್ಲ, ಎಂಟನೇ ಕ್ಲಾಸಿನ ಹುಡುಗನ ಕಾಲೂ ನೆಲಕ್ಕೆ ಎಟುಕುತ್ತದೆ, ಎಟುಕುವುದೇ ತೊಂದರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅವನನ್ನು ಡೈರಿಗೆ ಕಳಿಸಿದ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ರಾಂಗ್ ಸೈಡಿನವರ ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕಲಾರೆ. ದೂರ ಹೋಗುವವರಿಗಾಗಿ ಕಟ್ಟಿದ ರಸ್ತೆಯಲ್ಲಿ ಎದುರುಗಡೆಯ ಹೊಲಕ್ಕೆ ಹೋಗಬೇಕಾದವನು ಊರೆಲ್ಲ ಸುತ್ತಿ ಯೂ ಟರ್ನ್ ಹುಡುಕಬೇಕು ಎಂದರೆ ತಪ್ಪು ಅವನೊಬ್ಬನದಲ್ಲ. ಅಂಡರ್‌ಪಾಸಿಗಾಗಿ ಅರ್ಜಿ ಕೊಡುವುದು ನ್ಯಾಯ. ಎದುರಿಗೆ ಬರುವ ಕಂಟೇನರಿನ ಡ್ರೈವರು ಆ ಅರ್ಜಿಯನ್ನು ಓದಿರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಇದೆಲ್ಲಕ್ಕಿಂತ ಅಗ್ಗದ್ದು, ಆದರೂ ಅತಿ ಕಡಿಮೆ ಜನ ಮಾಡುವುದು, ಸಂಜೆಯ ಮೇವಿನ ಹೊರೆಯ ವಿಚಾರ. ಹಸಿಹುಲ್ಲು ಹೇರಿದ ಎಕ್ಸೆಲ್ಲಿಗೆ ಹಿಂದಿನಿಂದ ನೋಡಿದರೆ ದೀಪವಿಲ್ಲ, ನಂಬರಿಲ್ಲ, ಸವಾರನೂ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದು ಪೊದೆ ನೆಲಮಂಗಲದ ಕಡೆ ಹೊರಟಿರುತ್ತದೆ. ಮಂಗಳೂರಿನ ದಾರಿಯ ಶಿರಾಡಿ ಘಾಟಿ ಇಳಿದು ಹತ್ತಿದ ಲಾರಿಯವನು ದನ, ನಾಯಿ, ನಿಂತ ಟ್ರಾಕ್ಟರು ಎಲ್ಲಕ್ಕೂ ಬ್ರೇಕು ಹೊಡೆದು ಪಳಗಿರುತ್ತಾನೆ, ಪೊದೆಗೆ ಬ್ರೇಕು ಹೊಡೆಯುವುದು ಅವನಿಗೆ ತೋಚುವುದಿಲ್ಲ. ಹೊರೆ ಕಟ್ಟುವ ಹಗ್ಗದ ತುದಿಗೆ ಒಂದು ಗೇಣು ಕೆಂಪು ರೇಡಿಯಂ ಪಟ್ಟಿ ಹೊಲಿದುಕೊಂಡರೆ ಸಾಕು, ಯಾವ ಸ್ಟಿಕ್ಕರ್ ಅಂಗಡಿಯಲ್ಲಾದರೂ ಸಿಗುತ್ತದೆ. ಹುಲ್ಲಿನ ಜೊತೆ ಅದನ್ನೂ ಹಸು ತಿಂದುಬಿಟ್ಟರೆ ಎಂದು ಖಂಡಿತ ಒಬ್ಬರು ಕೇಳುತ್ತಾರೆ. ಹುಲ್ಲಿಗಲ್ಲ ಸ್ವಾಮಿ, ಹಗ್ಗಕ್ಕೆ. ಹಗ್ಗವನ್ನು ಹೇಗೂ ಬಿಚ್ಚಿಯೇ ಹಾಕುತ್ತೀರಲ್ಲ.