ಸಮುದ್ರಕ್ಕೆ ಬೆನ್ನು ಹಾಕಿ

ತಲಕಾವೇರಿಯ ಬ್ರಹ್ಮಗಿರಿ ತುದಿಯಿಂದ ಅರಬ್ಬೀ ಸಮುದ್ರ ಕಾಣುತ್ತದೆ ಎಂದು ಹೇಳದ ಗಂಡಸು ಕೊಡಗಿನಲ್ಲಿ ಸಿಕ್ಕಿದರೆ, ಅವನು ಮೊನ್ನೆಯಷ್ಟೇ ವರ್ಗವಾಗಿ ಬಂದ ಸರ್ಕಾರಿ ನೌಕರನೇ ಇರಬೇಕು. ಉಳಿದವರೆಲ್ಲ ಕಂಡಿದ್ದಾರೆ. ಎಲ್ಲರೂ ಮದುವೆಗೆ ಮೊದಲೇ ಕಂಡಿದ್ದಾರೆ. ಎಲ್ಲರೂ ಬೆಳಗಿನ ಜಾವದಲ್ಲೇ ಕಂಡಿದ್ದಾರೆ. ಎಲ್ಲರಿಗೂ ಅದು ಬೆಳ್ಳಿಯ ಗೆರೆಯಾಗಿಯೇ ಕಂಡಿದೆ. ಸಾಕ್ಷಿಗೆ ಜೊತೆಯಲ್ಲಿದ್ದ ಸ್ನೇಹಿತ ಮಾತ್ರ ಈಗ ದುಬೈಯಲ್ಲಿರುತ್ತಾನೆ.

ನಮ್ಮವರೂ ಈ ಪಂಗಡದವರೇ. ಮನೆಗೆ ನೆಂಟರು ಬಂದರೆ ಕಾಫಿ ಲೋಟ ಖಾಲಿಯಾಗುವುದರೊಳಗೆ ಇವರ ಸಮುದ್ರ ಉಕ್ಕುತ್ತದೆ. ಅದೇ ಬ್ರಹ್ಮಗಿರಿಯ ಮೆಟ್ಟಿಲುಗಳನ್ನು ಮಂಡಿ ಹಿಡಿದುಕೊಂಡು ಹತ್ತಿ, ತುದಿಯಲ್ಲಿ ನಿಂತ ನನಗೆ ಕಂಡದ್ದು ಮಂಜು, ಮಂಜಿನೊಳಗೆ ಒಂದು ಕೊಡೆ, ಕೊಡೆಯೊಳಗೆ ಇವರು. "ಇವತ್ತು ಕ್ಲಿಯರ್ ಇಲ್ಲ" ಎಂದರು. ಕ್ಲಿಯರ್ ಇದ್ದ ದಿನ ನಾನು ಹೋಗಿಲ್ಲ, ನಾನು ಹೋದ ದಿನ ಕ್ಲಿಯರ್ ಇರುವುದಿಲ್ಲ. ಹೀಗಿರುವಾಗ ವಾದ ಮುಗಿಯುವುದಾದರೂ ಹೇಗೆ?

ಒಂದು ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು. ಅಲ್ಲಿಂದ ಸಮುದ್ರ ಕಾಣುವುದು ನಿಜವಾದರೆ ಸಮುದ್ರದ ಬಳಿಯಿಂದ ಬ್ರಹ್ಮಗಿರಿಯೂ ಕಾಣಲೇಬೇಕಲ್ಲ! ಕೈ ಒರೆಸಿಕೊಂಡು ಬಂದು ಮೊಬೈಲಿನ ನಕ್ಷೆಯ ಮೇಲೆ ಮಗನ ಸ್ಕೇಲ್ ಇಟ್ಟೆ. ತಲಕಾವೇರಿಯಿಂದ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಅತ್ತಿತ್ತ ವಾಲದೆ ಹೋಗಿ ಮುಟ್ಟಿದ್ದು ಕಾಸರಗೋಡಿನ ಬೇಕಲ ಕೋಟೆಯನ್ನು. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ನೇರ ಗೆರೆಯಲ್ಲಿ ಅಂತರ 50 ಕಿಲೋಮೀಟರಿನ ಆಸುಪಾಸು. ಬೆರಳು ತಾಗಿ ನಕ್ಷೆ ಒಂದೆರಡು ಸಲ ಮಂಗೋಲಿಯಾಕ್ಕೆ ಹಾರಿತು ಎಂಬುದು ಬೇರೆ ಮಾತು.

ಈ ಲೆಕ್ಕ ಕೇಳಿ ನಮಗಿಂತ ಹೆಚ್ಚು ಕಂಗಾಲಾದವರು ಅತ್ತೆ. ಪ್ರತಿ ತುಲಾ ಸಂಕ್ರಮಣಕ್ಕೆ ತೀರ್ಥ ತಂದು ಇಡೀ ಬೀದಿಗೆ ಹಂಚುವವರು ಅವರು. "50 ಕಿಲೋಮೀಟರಾ? ಪಕ್ಕದ ಮನೆಯಲ್ಲೇ ಒಳ್ಳೇ ಗಂಡು ಇರುವಾಗ ಈ ಹುಡುಗಿ ಕಾವೇರಿ ಯಾಕೆ 800 ಕಿಲೋಮೀಟರ್ ದೂರ ಪೂಂಪುಹಾರ್ ತನಕ ಹೋಗಿ ಸಂಬಂಧ ಮಾಡಿದಳು?" ಎಂದರು. ಹುಟ್ಟಿದ ಬೆಟ್ಟದ ಇಳಿಜಾರು ಪೂರ್ವಕ್ಕಿದೆ, ಅದಕ್ಕೆ, ಎಂದು ನಾನು ಭೂಗೋಳ ಹೇಳಿದೆ. "ಇಳಿಜಾರು ಇದ್ದ ಕಡೆಗೆಲ್ಲ ಹೆಣ್ಣುಮಕ್ಕಳು ಹೋಗ್ತಾರಾ?" ಎಂದು ಕೇಳಿ, ತಾನೂ ಬರುತ್ತೇನೆ, ಆ ಸಮುದ್ರದಲ್ಲಿ ಅಂಥ ಕೊರತೆ ಏನಿದೆ ನೋಡಬೇಕು ಎಂದು ಸೀರೆ ಮಡಚತೊಡಗಿದರು.

ಹೊರಡುವ ಮೊದಲು ನಾನೊಂದು ಶಪಥ ಮಾಡಿದೆ. ಮಡಿಕೇರಿಯಲ್ಲಿ ಮನೆ ಇರುವವರಿಗೆ ಅದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಶನಿವಾರ ಬಂತೆಂದರೆ ಹಾಲು ತರಲು ಹೋದವರು ಊಟದ ಹೊತ್ತಿಗೆ ಬರುತ್ತಾರೆ, ಅಷ್ಟು ಕಾರು. ಗೇಟಿನೆದುರು ಕಾರು ನಿಲ್ಲಿಸಿ, ಗಾಜು ನಾಲ್ಕು ಬೆರಳು ಇಳಿಸಿ, "ಆಂಟಿ, ರಾಜಾಸೀಟ್ ನೋಡಾಯ್ತು, ಇಲ್ಲಿ ಇನ್ನೇನಿದೆ?" ಎಂದು ಕೇಳುತ್ತಾರೆ. ಓಂಕಾರೇಶ್ವರ ದೇವಸ್ಥಾನ ಇದೆ, 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು ಎಂದರೆ, "ಅದಲ್ಲ, ವ್ಯೂ ಏನಿದೆ?" ಎನ್ನುತ್ತಾರೆ. ಅವರು ಬಿಟ್ಟುಹೋದ ಚಿಪ್ಸ್ ಪೊಟ್ಟಣವನ್ನು ನಮ್ಮ ದಾಸವಾಳದ ಬುಡದಿಂದ ನಾನೇ ಹೆಕ್ಕಬೇಕು. ಆದ್ದರಿಂದ ನಾನು ಹೋದ ಊರಲ್ಲಿ ಟೋಪಿ ಹಾಕುವುದಿಲ್ಲ, ಚಿಪ್ಸ್ ತಿನ್ನುವುದಿಲ್ಲ, ಸೆಲ್ಫಿ ತೆಗೆಯುವುದಿಲ್ಲ, ಯಾರನ್ನೂ ಏನಿದೆ ಎಂದು ಕೇಳುವುದಿಲ್ಲ. ಭಾಗಮಂಡಲ ದಾಟುವುದರೊಳಗೆ ಟೋಪಿ ತಲೆಯ ಮೇಲಿತ್ತು. ಬಿಸಿಲು ನೋಡಿ, ಏನು ಮಾಡುವುದು. ಕೊರಳಲ್ಲಿ ಪಕ್ಕದ ಮನೆಯವರಿಂದ ಕಡ ತಂದ ಬೈನಾಕ್ಯುಲರ್.

ಭಾಗಮಂಡಲದಿಂದ ಕರಿಕೆಗೆ ಇಳಿಯುವ ಘಾಟಿಯ ಬಗ್ಗೆ ಹೇಳುವುದಿದ್ದರೆ ಅದು ಅತ್ತೆಯ ಹೊಟ್ಟೆಯೇ ಹೇಳಬೇಕು. ಕಾಡು, ತಿರುವು, ಎದುರಿಗೆ ಬಂದ ಜೀಪಿಗೆ ಜಾಗ ಬಿಡಲು ಹಿಂದಕ್ಕೆ ಹೋಗುವುದು, ಮತ್ತೆ ತಿರುವು. ಕರಿಕೆ ದಾಟಿದರೆ ಚೆಕ್‌ಪೋಸ್ಟ್, ಅದರಾಚೆ ಬೋರ್ಡುಗಳ ಅಕ್ಷರವೆಲ್ಲ ಉರುಟಾಗುತ್ತದೆ. ಪಾಣತ್ತೂರಿನಲ್ಲಿ ಚಾ, ಪಳಂಪೊರಿ. ರಾಣಿಪುರದ ಬೆಟ್ಟ ಅಲ್ಲೇ ಹತ್ತಿರ. "ಬರುವಾಗ ಇದೇ ದಾರಿಯಲ್ಲಿ ಬಂದು ಹತ್ತೋಣ" ಎಂದು ನಮ್ಮವರು ಮಾತು ಕೊಟ್ಟರು. ಈ ಮಾತು ನೆನಪಿರಲಿ.

ಬೇಕಲದ ಬಾಗಿಲಲ್ಲಿ ಆಂಜನೇಯನಿಗೆ ಕೈಮುಗಿದು ಟಿಕೆಟ್ ಕೌಂಟರಿನ ಮುಂದೆ ನಿಂತಾಗ ಇತಿಹಾಸದ ತಕರಾರು ಎದ್ದಿತು. ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, 1650ರ ಹೊತ್ತಿಗೆ ಎಂದು ನಾನು ಹೇಳಿದ್ದೇ ತಪ್ಪಾಯಿತು. "ನಮ್ಮ ಹಾಲೇರಿ ರಾಜರೂ ಕೆಳದಿ, ಇಕ್ಕೇರಿ ಕಡೆಯಿಂದ ಬಂದವರೇ ಅಲ್ವಾ? ಅಂದಮೇಲೆ ಇದು ನಮ್ಮ ದಾಯಾದಿಗಳ ಕೋಟೆ. ಟಿಕೆಟ್ ಯಾಕೆ?" ಎಂದರು ಅತ್ತೆ. ನಡುವೆ 1763ರಲ್ಲಿ ಹೈದರಾಲಿ ಬಂದ, ಆಮೇಲೆ ಟಿಪ್ಪು, ಆಮೇಲೆ ಕಂಪನಿಯವರು, ಈಗ ಪುರಾತತ್ವ ಇಲಾಖೆ, ಅಷ್ಟರಲ್ಲಿ ನಮ್ಮ ಪಾಲು ತೀರಿತು ಎಂದು ಸಮಾಧಾನ ಮಾಡಿದೆ. ಅತ್ತೆಯ ಮಾತಿನಲ್ಲೂ ಹುರುಳಿಲ್ಲದಿಲ್ಲ. ನಮ್ಮ ಅರಸರ ಆಳ್ವಿಕೆ ಅಮರ ಸುಳ್ಯ, ಪುತ್ತೂರಿನ ಕಡೆವರೆಗೂ ಇಳಿದಿತ್ತು. ಇನ್ನೊಂದು ದಿನದ ದಾರಿ ನಡೆದಿದ್ದರೆ ಕೊಡಗಿಗೆ ಸ್ವಂತ ಸಮುದ್ರವೇ ಇರುತ್ತಿತ್ತು. 1834ರಲ್ಲಿ ಬ್ರಿಟಿಷರು ಆ ಸುಳ್ಯವನ್ನೂ ಕಿತ್ತು ಕೆನರಾಕ್ಕೆ ಸೇರಿಸಿ ಬೆಟ್ಟದಲ್ಲೇ ಕೂರಿಸಿಬಿಟ್ಟರು.

40 ಎಕರೆ ಕೋಟೆ. ನಡುವೆ ಟಿಪ್ಪುವಿನ ಕಾಲದ್ದೆನ್ನುವ ವೀಕ್ಷಣಾ ಗೋಪುರ. ಅಗಲವಾದ ಇಳಿಜಾರು ಹಾದಿಯಲ್ಲಿ ಮೇಲೇರಿದರೆ ಮೂರು ಕಡೆ ಸಮುದ್ರ, ಕೆಳಗೆ ಮುರಕಲ್ಲಿನ ಕೊತ್ತಳ, ಅದರ ಬುಡಕ್ಕೆ ಬಡಿಯುವ ತೆರೆ. 1995ರ 'ಬಾಂಬೆ' ಸಿನಿಮಾದಲ್ಲಿ ಮಣಿರತ್ನಂ ಮಳೆಯಲ್ಲಿ ಹಾಡು ತೆಗೆದದ್ದು ಇಲ್ಲೇ. ಗೋಪುರದ ಮೇಲಿದ್ದವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿದ್ದರು. ನಾನೊಬ್ಬಳು ಟೋಪಿ ಸರಿಮಾಡಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ, ಪೂರ್ವದ ಕಡೆಗೆ ಬೈನಾಕ್ಯುಲರ್ ಏರಿಸಿದೆ.

ಮೊದಲು ಕಂಡದ್ದು ತೆಂಗು. ತೆಂಗಿನ ಹಿಂದೆ ತೆಂಗು. ಅದರ ಹಿಂದೆ ಒಂದು ಮೊಬೈಲ್ ಟವರ್. ಅದರಾಚೆ ಹೊಗೆಯೋ ಮೋಡವೋ ಗುಡ್ಡವೋ ತಿಳಿಯದ ನೀಲಿ. ಉಸಿರು ಬಿಗಿಹಿಡಿದು ತಿರುಗಣೆ ತಿರುಗಿಸಿದೆ. ತೆಂಗು ದೊಡ್ಡದಾಯಿತು. ಮತ್ತೆ ತಿರುಗಿಸಿದೆ. ಯಾರದೋ ತಾರಸಿಯಲ್ಲಿ ಒಣಹಾಕಿದ ಲುಂಗಿಯ ಚೌಕುಳಿ ಎಣಿಸುವಷ್ಟು ಸ್ಪಷ್ಟವಾಗಿ ಬಂತು.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಹುಡುಗ ಬಂದು ನಿಂತ. ನಾನು ನೋಡುವ ಕಡೆಗೇ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಅವನನ್ನು ಹುಡುಕಿಕೊಂಡು ಅವನ ತಾಯಿ ಬಂದರು, ಅವರೂ ನೋಡಿದರು. ತಾಯಿಯನ್ನು ಕರೆಯಲು ಬಂದ ತಂದೆ "ಎಂದಾ?" ಎಂದು ಕೇಳಿದರು. ತಾಯಿ ಗೊತ್ತಿಲ್ಲವೆಂದು ತಲೆಯಾಡಿಸಿದರೂ ಕಣ್ಣು ತೆಗೆಯಲಿಲ್ಲ. ಕಾಲೇಜಿನ ಹುಡುಗಿಯರ ಒಂದು ಗುಂಪು ಸೆಲ್ಫಿ ನಿಲ್ಲಿಸಿ ಈ ಕಡೆ ತಿರುಗಿತು. "ಆನ, ಆನ" ಎಂದು ಯಾರೋ ಹಿಂದಿನಿಂದ ಹೇಳಿದರು. ಆನೆ ಎಂಬ ಶಬ್ದ ಎರಡೂ ರಾಜ್ಯದಲ್ಲಿ ಒಂದೇ ಕೆಲಸ ಮಾಡುತ್ತದೆ. ಕ್ಷಣದಲ್ಲಿ ಗೋಪುರದ ಪೂರ್ವದ ಅಂಚು ತುಂಬಿತು. ಕೆಳಗೆ ಹುಲ್ಲಿನಲ್ಲಿ ಕೂತವರು ಮೇಲಿನವರನ್ನು ನೋಡಿ ಎದ್ದು ನಿಂತು ಗೋಡೆಯ ಕಡೆ ಓಡಿದರು. ಎಲ್ಲೋ ಶೂಟಿಂಗ್ ಇರಬೇಕು, ಹೀರೋ ಬಂದಿರಬೇಕು ಎಂಬ ಪಾಠಾಂತರವೂ ಹುಟ್ಟಿತು. ಮೂರೂವರೆ ಶತಮಾನ ಸಮುದ್ರವನ್ನೇ ಕಾದ ಕೋಟೆಯಲ್ಲಿ ಆ ಹೊತ್ತು ಸಮುದ್ರವನ್ನು ನೋಡುತ್ತಿದ್ದವರು ಅತ್ತೆ ಒಬ್ಬರೇ. ಹಡಗು ಬಂದು ಮುತ್ತಿಗೆ ಹಾಕಿದ್ದರೂ ಕೇಳುವವರಿರಲಿಲ್ಲ.

ನಾನು ಬೈನಾಕ್ಯುಲರ್ ಇಳಿಸಿ ಸುಮ್ಮನೆ ಹೋಗಬಹುದಿತ್ತು. ಆದರೆ ಇಷ್ಟು ಜನ ನನ್ನನ್ನು ನಂಬಿದ್ದು ಅದೇ ಮೊದಲು. ಮನೆಯಲ್ಲಿ ಗ್ಯಾಸ್ ಮುಗಿಯಿತು ಎಂದರೂ ಒಮ್ಮೆ ಅಲ್ಲಾಡಿಸಿ ನೋಡುವವರಿದ್ದಾರೆ. ನಾನು ಗಂಭೀರವಾಗಿ ಎಡಕ್ಕೆ ತಿರುಗಿದೆ, ಜನ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿದೆ, ಬಲಕ್ಕೆ. ನಮ್ಮವರು ಮೆಲ್ಲನೆ ದೂರ ಸರಿದು ಅಪರಿಚಿತರ ಪಕ್ಕ ಅಪರಿಚಿತರಾಗಿ ನಿಂತರು.

"ಆಂಟಿ, ಏನ್ ಕಾಣ್ಸುತ್ತೆ?" ಬೆಂಗಳೂರಿನ ಕನ್ನಡ. ಕೈಯಲ್ಲಿ ಚಿಪ್ಸ್.

"ಕೊಡಗು" ಎಂದೆ.

"ಕೂರ್ಗಾ? ಹೋದ ವಾರ ಹೋಗಿದ್ವಿ. ಅಲ್ಲಿ ನೋಡೋಕೆ ಏನಿದೆ ಆಂಟಿ, ಬರೀ ಟ್ರಾಫಿಕ್ಕು."

ನನ್ನ ಶಪಥವೆಲ್ಲ ಆ ಕ್ಷಣಕ್ಕೆ ಸಮುದ್ರಪಾಲು. ಆ ಟ್ರಾಫಿಕ್ಕಿಗೆ ಏನು ಹೆಸರು, ಅದು ಯಾವ ನಂಬರ್‌ಪ್ಲೇಟ್ ಹಾಕಿಕೊಂಡು ಬರುತ್ತದೆ, ಅದು ತಿಂದು ಎಸೆದದ್ದನ್ನು ಯಾರು ಹೆಕ್ಕುತ್ತಾರೆ ಎಂದು ಗೋಪುರದ ಮೇಲೆಯೇ ಪ್ರವಚನ ಶುರುಮಾಡಿದೆ. ಕನ್ನಡ ಬಾರದವರೂ ಕಿವಿಗೊಟ್ಟರು. ಆನೆ ಕಂಡಿದೆ ಎಂದೇ ಅವರಿಗೆ ಅನಿಸಿರಬೇಕು. ಕಾವಲಿನವರು ಮೇಲೆ ಬಂದು ಮಲಯಾಳದಲ್ಲಿ ಏನೋ ಕೇಳಿ, ನನ್ನ ಮುಖ ನೋಡಿ ತುಳುವಿನಲ್ಲಿ ಕೇಳಿ, ಕೊನೆಗೆ ಕನ್ನಡಕ್ಕೆ ಬಂದರು. ಸಪ್ತಭಾಷೆಯ ನಾಡು. ನಾಲ್ಕನೆಯದಕ್ಕೆ ಹೋಗುವ ಮೊದಲೇ ನಾನು "ಬ್ರಹ್ಮಗಿರಿ ಹುಡುಕ್ತಿದ್ದೇನೆ" ಎಂದೆ. ಅವರು ಅತ್ಯಂತ ಸೌಜನ್ಯದಿಂದ ಪೂರ್ವದ ನೀಲಿಯಲ್ಲಿ ಒಂದು ಉಬ್ಬು ತೋರಿಸಿ, "ಅದೇ ಇರಬೇಕು ಮೇಡಂ" ಎಂದರು. ನನ್ನನ್ನು ಕೆಳಗಿಳಿಸುವ ಉಪಾಯ ಅದು ಎಂದು ಆಮೇಲೆ ಗೊತ್ತಾಯಿತು.

ನಮ್ಮವರು ಹಾರಿ ಬಂದು ಬೈನಾಕ್ಯುಲರ್ ಕಿತ್ತುಕೊಂಡರು. "ಅದೇ! ನಾನು ಹೇಳಿರಲಿಲ್ವಾ!" ಎಂದು ವಿಜಯೋತ್ಸವ ಮಾಡಿದರು. ಸುತ್ತಲಿನವರಿಗೆಲ್ಲ ತೋರಿಸಿದರು. ಫೋಟೋ ತೆಗೆದರು. ಆ ಉಬ್ಬು ನೋಡನೋಡುತ್ತಿದ್ದಂತೆ ಮೊಬೈಲ್ ಟವರಿನ ಬಲದಿಂದ ಎಡಕ್ಕೆ ಬಂತು. ಸ್ವಲ್ಪ ಹೊತ್ತಿಗೆ ನಡುವೆ ಹರಿದು ಎರಡಾಯಿತು. "ಅತ್ತೆ, ಬನ್ನಿ ನೋಡಿ, ನಿಮ್ಮ ಮಗನ ಬ್ರಹ್ಮಗಿರಿ ಜರಿದು ಹೋಗ್ತಾ ಇದೆ!" ಎಂದು ಹೊಟ್ಟೆ ಹಿಡಿದುಕೊಂಡು ಕೂಗಿದೆ.

ಅತ್ತೆ ಬಂದರು, ನಗಲಿಲ್ಲ. ಬ್ರಹ್ಮಗಿರಿ ಜರಿದಿತ್ತಲ್ಲ. 2020ರ ಆಗಸ್ಟಿನ ಮಳೆಯಲ್ಲಿ, ರಾತ್ರಿ, ಗುಡ್ಡ ಕಳಚಿ ಬಂದು ತಲಕಾವೇರಿಯ ಅರ್ಚಕರ ಮನೆಯನ್ನು ಒಳಗಿದ್ದವರ ಸಮೇತ ಎಳೆದುಕೊಂಡು ಹೋಗಿತ್ತು. ಅವರ ಕೈಯಿಂದ ತೀರ್ಥ ತೆಗೆದುಕೊಂಡ ಊರು ನಮ್ಮದು. ಅದಕ್ಕೆ ಎರಡು ವರ್ಷ ಮೊದಲು, 2018ರ ಆಗಸ್ಟಿನಲ್ಲಿ, ಜೋಡುಪಾಲ, ಮಕ್ಕಂದೂರಿನ ಕಡೆ. ಆಮೇಲಿಂದ ಜೂನ್ ಬಂತೆಂದರೆ ನಮ್ಮಲ್ಲಿ ಎಷ್ಟೋ ಜನ ರಾತ್ರಿ ಮಳೆಯ ಸದ್ದಿನೊಳಗೆ ಬೇರೆ ಸದ್ದಿಗಾಗಿ ಕಿವಿಕೊಟ್ಟು ಮಲಗುತ್ತಾರೆ. ಗುಡ್ಡ ಕಡಿದು ವ್ಯೂ ಮಾರುವವರು ಮಾತ್ರ ಚೆನ್ನಾಗಿಯೇ ನಿದ್ದೆ ಮಾಡುತ್ತಾರೆ. ಮೂವರೂ ಏನೂ ಮಾತಾಡದೆ ಕೆಳಗಿಳಿದೆವು.

ಕಾರಿನಲ್ಲಿ ಕೂತ ಮೇಲೆ, ಸಮುದ್ರ ಹೇಗಿತ್ತು ಎಂದು ಅತ್ತೆಯನ್ನು ಕೇಳಿದೆ. "ಏನೂ ಕೊರತೆ ಇಲ್ಲ. ಆದರೆ ತುಂಬ ಶಬ್ದ. ಅವಳು ಹೋದದ್ದೇ ಸರಿ" ಎಂದರು.

ಚಂದ್ರಗಿರಿ ಸೇತುವೆಯ ಮೇಲೆ ನಮ್ಮವರು ಮಾತಿಗೆ ಮರಳಿದರು. ಕೆಳಗೆ ಹರಿಯುವ ಪಯಸ್ವಿನಿ ನಮ್ಮ ಗುಡ್ಡದಿಂದಲೇ ಇಳಿದು ಬಂದ ನೀರು. 1956ರ ನವೆಂಬರ್ 1ರಂದು ಕೊಡಗು ತನ್ನ ರಾಜ್ಯ ಕಳೆದುಕೊಂಡು ಮೈಸೂರಿಗೆ ಸೇರಿತು, ಕಾಸರಗೋಡು ಕೇರಳಕ್ಕೆ. ಈ ಹೊಳೆಯ ಉತ್ತರ ದಡ ಕರ್ನಾಟಕಕ್ಕೆ ಬರಲಿ ಎಂದು ಮಹಾಜನ ವರದಿ 1967ರಲ್ಲಿ ಹೇಳಿತು. ಇಷ್ಟು ಹೇಳುವಷ್ಟರಲ್ಲಿ ಸೇತುವೆ ಮುಗಿಯಿತು. ಮರುದಿನ ಬೆಳಿಗ್ಗೆ ಮಧೂರಿನ ಗಣಪತಿ, ಅಪ್ಪ ಪ್ರಸಾದ. ಅಲ್ಲಿಂದ ಅನಂತಪುರದ ಸರೋವರ ಕ್ಷೇತ್ರ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಬೈನಾಕ್ಯುಲರಿಗೆ ಅದೂ ಸಿಕ್ಕಲಿಲ್ಲ. ಬಬಿಯಾ ನೈವೇದ್ಯದ ಅನ್ನವನ್ನಷ್ಟೇ ತಿನ್ನುತ್ತಿತ್ತು, ಕೆರೆಯ ಮೀನು ಮುಟ್ಟುತ್ತಿರಲಿಲ್ಲ ಎಂದು ಪ್ರತೀತಿ. ಇದನ್ನು ಕೇಳಿದ್ದೇ ತಡ, ನಮ್ಮವರಿಗೆ ಮೀನಿನ ನೆನಪಾಯಿತು.

ಕಾಸರಗೋಡಿನ ಮಾರುಕಟ್ಟೆಯಲ್ಲಿ ಮತ್ತಿ ಮಿರಿಮಿರಿ ಮಿಂಚುತ್ತಿತ್ತು. ಥರ್ಮೋಕೋಲ್ ಪೆಟ್ಟಿಗೆ, ಐಸು, ಮೇಲೆ ಇನ್ನಷ್ಟು ಐಸು. ಡಿಕ್ಕಿ ಮುಚ್ಚಿ ನಮ್ಮವರು ಕಾಞಂಗಾಡಿನ ಕಡೆ ಕಾರು ತಿರುಗಿಸಿದರು. ರಾಣಿಪುರ, ಕರಿಕೆ, ಭಾಗಮಂಡಲ.

"ನಿಲ್ಸು" ಎಂದರು ಅತ್ತೆ ಹಿಂದಿನ ಸೀಟಿನಿಂದ. "ಸಂಗಮದ ಎದುರಿನಿಂದ ಮತ್ತಿ ಕೊಂಡುಹೋಗ್ತೀಯಾ? ಕಾವೇರಮ್ಮನಿಗೆ ವಾಸನೆ ಬರೋದಿಲ್ವಾ?"

ಪೆಟ್ಟಿಗೆ ಮುಚ್ಚಿದೆ, ಟೇಪ್ ಹಾಕಿದೆ ಎಂದರು. ಕಾವೇರಮ್ಮ ಆ ಹೊತ್ತಿಗೆ ಕುಶಾಲನಗರ ದಾಟಿರುತ್ತಾಳೆ ಎಂದು ನಾನೂ ಸೇರಿಸಿದೆ. ನಡೆಯಲಿಲ್ಲ. ರಾಣಿಪುರ ಬಿಟ್ಟು ಸುಳ್ಯದ ಮೇಲೆ ಸುತ್ತಿ ಸಂಪಾಜೆಗೆ ಬಂದೆವು. ಪಯಸ್ವಿನಿಯ ಎದುರಿನಿಂದ ಮತ್ತಿ ಹೋಗಬಹುದಂತೆ, ಅವಳು ಹೇಗೂ ಮೀನಿನ ಊರಿಗೇ ಮದುವೆಯಾದವಳು.

ಸಂಪಾಜೆ ಗೇಟಿನಲ್ಲಿ ಒಬ್ಬರು ಡಿಕ್ಕಿ ತೆಗೆಸಿದರು. ಐಸು ಕರಗಿ ನೀರು ಸೋರುತ್ತಿತ್ತು.

"ಮತ್ತಿಯಾ? ಕಿಲೋಗೆ ಎಷ್ಟು ಕೊಟ್ರಿ ಸಾರ್?"

ನಮ್ಮವರು ಎದೆಯುಬ್ಬಿಸಿ ಹೇಳಿದರು.

"ಮಡಿಕೇರಿಯಲ್ಲಿ ಇಪ್ಪತ್ತು ರೂಪಾಯಿ ಕಮ್ಮಿ ಸಾರ್, ನಿನ್ನೆ ತಗೊಂಡೆ."

ಡಿಕ್ಕಿ ಮುಚ್ಚಿತು. ಮದೆನಾಡು ಬರುವ ತನಕ ನಮ್ಮವರು ಮಾತಾಡಲಿಲ್ಲ. ಆಮೇಲೆ ಗೇರು ಬದಲಿಸುತ್ತಾ, ಯಾರನ್ನೂ ನೋಡದೆ ಹೇಳಿದರು:

"ಅದು ಐಸು ಹಾಕಿದ ಮೀನು."