ಹೊಡೆತಕ್ಕೆ ಹೆಸರುಂಟು

ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವೆ ಇರುವುದನ್ನು ಬೇಲಿ ಅನ್ನಬೇಕೋ ಬೇಡವೋ. ನಾಲ್ಕು ಕಲ್ಲುಕಂಬ, ಎರಡೆಳೆ ತಂತಿ, ಅದರ ಮೇಲೊಂದು ತೊಂಡೆಬಳ್ಳಿ. ಕಾಯಿ ಯಾರ ಕಡೆ ತೂಗಿತೋ ಅವರದು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಅಕ್ಕ ಸಂಜೆ ಹೊತ್ತು ಅಲ್ಲೇ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಊರೆಲ್ಲ ಮೆಷಿನ್ನಿಗೆ ಹಾಕಿ ಸುಲಿಸಿದರೂ ಅವರಿಗೆ ಒಂದೆರಡು ಬುಟ್ಟಿ ಕೈಯಲ್ಲೇ ಸುಲಿದರೆ ಸಮಾಧಾನ. ಬೆರಳ ತುದಿಯೆಲ್ಲ ಚೊಗರು ಹಿಡಿದು ಕಪ್ಪು. ಬಾಯಿಗೆ ಮಾತ್ರ ಪುರುಸೊತ್ತು.

“ಮೇಷ್ಟ್ರೇ, ನಮ್ಮ ಹುಡುಗನಿಗೆ ಕಾಲೇಜಲ್ಲಿ ವಿಕಿಪೀಡಿಯಕ್ಕೆ ಬರಿ ಅಂದವ್ರಂತೆ. ಯಾರೋ ನರ್ಸಮ್ಮನ ಬಗ್ಗೆ ಬರೀತಾನಂತೆ. ಆಕೆ ಬಗ್ಗೆ ಬರೀಬೇಕೋ, ಆಕೆಗೆ ಹೊಡೆದ ಕೇಸಿನ ಬಗ್ಗೆ ಬರೀಬೇಕೋ ಅಂತ ತಲೆ ಕೆಡಿಸ್ಕಂಡು ಕೂತವ್ನೆ. ಎರಡೂ ಒಂದೇ ಅಲ್ವೇನ್ರೀ?”

ಒಂದೇ ಅಲ್ಲ. ವಿಕಿಪೀಡಿಯದಲ್ಲಿ ಒಂದು ಕಟ್ಟಳೆ ಉಂಟು. ಒಂದೇ ಒಂದು ಘಟನೆಯಿಂದ ಹೆಸರಾದವರಿದ್ದರೆ ಸಾಮಾನ್ಯವಾಗಿ ಘಟನೆಗೆ ಪುಟ, ಮನುಷ್ಯನಿಗಲ್ಲ. ಕಲಬುರ್ಗಿಯವರಂಥವರ ಮಾತು ಬೇರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಗುಂಡು ಹಾರುವ ಎಷ್ಟೋ ವರ್ಷ ಮೊದಲೇ ಅವರ ಶಾಸನ, ವಚನಗಳ ಸಂಶೋಧನೆ ಒಂದಲ್ಲ ಹತ್ತು ಪುಟಕ್ಕೆ ಸಾಕಾಗುವಷ್ಟಿತ್ತು. ತಕರಾರು ಬರುವುದು ಹೊಡೆತ ಬೀಳುವ ತನಕ ನಮ್ಮ ನಿಮ್ಮಂತೆ ಇದ್ದವರ ವಿಷಯದಲ್ಲಿ.

“ಅಲ್ರೀ, ಏಟು ತಿಂದಿದ್ದೂ ಒಂದು ಸಾಧನೆಯಾ?” ಅಕ್ಕ ಒಂದು ಅಡಿಕೆಯನ್ನು ಎರಡೇ ಎಳೆತಕ್ಕೆ ಸುಲಿದು ಬುಟ್ಟಿಗೆ ಎಸೆದರು.

ನನಗೆ ಥಟ್ಟನೆ ಹೊಳೆದದ್ದು ಹೊನ್ನಾಳಿ ಹೊಡೆತ. ನಮ್ಮ ಸೀಮೆಯಲ್ಲಿ ಆ ಮಾತಾಡದ ಬಾಯಿಲ್ಲ. ಮಳೆ ಜಡಿದರೂ ಹೊನ್ನಾಳಿ ಹೊಡೆತ, ಅಡಿಕೆ ರೇಟು ಬಿದ್ದರೂ ಹೊನ್ನಾಳಿ ಹೊಡೆತ. ಹೊಡೆದವರು ಯಾರು ಅನ್ನುವುದಕ್ಕೆ ಕಟ್ಟೆಗೊಂದು ಕತೆ. ತಿಂದವನು ಯಾರು ಅಂತ ನಾನಂತೂ ಯಾವ ಕಟ್ಟೆಯಲ್ಲೂ ಕೇಳಿಲ್ಲ.

ಅಷ್ಟೇಕೆ, ನಮ್ಮ ಚನ್ನಗಿರಿಯನ್ನೇ ನೋಡಿ. ಧೋಂಡಿಯಾ ವಾಘ್ ಹುಟ್ಟಿದ್ದು ಇಲ್ಲಿ. ಟಿಪ್ಪುವಿನ ಸೆರೆಯಲ್ಲಿದ್ದವನು 1799ರಲ್ಲಿ ಶ್ರೀರಂಗಪಟ್ಟಣ ಬೀಳುತ್ತಲೇ ತಪ್ಪಿಸಿಕೊಂಡು ದಂಡು ಕಟ್ಟಿ ಬಿದನೂರು ಸೀಮೆಯನ್ನು ದೋಚಿದ. ಎರಡು ಲೋಕದ ದೊರೆ ಅಂತ ಬಿರುದು ಬೇರೆ ಹಾಕಿಕೊಂಡ. 1800ರ ಸೆಪ್ಟೆಂಬರಿನಲ್ಲಿ ಬೆನ್ನಟ್ಟಿ ಕೊಲ್ಲಿಸಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಮನುಷ್ಯ. ಇಬ್ಬರಿಗೂ ವಿಶ್ವಕೋಶದಲ್ಲಿ ಜಾಗವಿದೆ. ಯಾರ ಕಣಜ ಒಡೆದರು, ಯಾರ ಮನೆ ಸುಟ್ಟರು? ಅವರಿಗೆ ಒಂದು ಸಾಲೂ ಇಲ್ಲ.

“ಹಂಗಾದ್ರೆ ನಮ್ಮ ತವರು ಕಡೆಯವ್ರೇ ವಾಸಿ ಬಿಡಿ” ಅಂದರು ಅಕ್ಕ. ಅವರದು ನ್ಯಾಮತಿ ಕಡೆ, ಬೆಳಗುತ್ತಿ ಹತ್ತಿರ. ಸಿಂದ ಅರಸರು ಆಳಿದ ಜಾಗ ಅದು. ವೀರಗಲ್ಲಿಗೂ ಶಾಸನಕ್ಕೂ ಬರವಿಲ್ಲ. “ನಮ್ಮ ಹಿತ್ತಲಲ್ಲೇ ಒಂದು ಕಲ್ಲಿತ್ತು. ಕೆಳಗೆ ಜಗಳ, ನಡುವೆ ಹೆಂಗಸ್ರು ಎತ್ಕೊಂಡು ಹೋಗೋದು, ಮೇಲೆ ಲಿಂಗ. ದನ ಹೊಡ್ಕಂಡು ಹೋಗೋರನ್ನ ತಡೆಯಾಕೆ ಹೋಗಿ ಸತ್ತೋನಂತೆ. ನಾವು ಅದಕ್ಕೇ ಎಮ್ಮೆ ಕಟ್ಟತಿದ್ವಿ.”

ಅವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು ಅನ್ನಿಸಿತು. ಆ ಕಲ್ಲುಗಳೇ ನಮ್ಮ ಹಳೆಯ ವಿಶ್ವಕೋಶ. ಸತ್ತವನ ಹೆಸರು, ಯಾವ ಊರು, ಯಾಕೆ ಸತ್ತ, ಎಲ್ಲ ಅದರಲ್ಲಿ. ಬಿ. ಎಲ್. ರೈಸ್ ಊರೂರಿಗೆ ಜನ ಕಳಿಸಿ ಇಂಥವನ್ನೆಲ್ಲ ಓದಿಸಿ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದ. ಆದರೆ ಆ ಕಲ್ಲಿನಲ್ಲೂ ಒಂದು ಪಕ್ಷಪಾತವಿದೆ. ತುರುಗೋಳ್ ಅಂದರೆ ದನ ಹಿಡಿಯುವುದು, ಊರಳಿವು ಅಂದರೆ ಊರು ಹಾಳುಗೆಡವುವುದು, ಪೆಣ್ಬುಯ್ಯಲ್ ಅಂದರೆ ಹೆಣ್ಣುಮಕ್ಕಳ ಮೇಲೆ ಕೈಹಾಕಿದಾಗ ಎದ್ದ ಹುಯಿಲು. ಹುಯಿಲಿಗೆ ಓಡಿಬಂದು ಸತ್ತವನಿಗೆ ಕಲ್ಲು. ಹುಯಿಲಿಟ್ಟವಳ ಹೆಸರು ಸಿಗುವುದು ಅಪರೂಪ.

ಅಷ್ಟರಲ್ಲಿ ಸೊಸೆ ಟೀ ತಂದಳು. ಜಗಳೂರಿನ ಹುಡುಗಿ, ಮಾತು ನೆಟ್ಟಗೆ. “ಅತ್ತೆ, ಹುಯಿಲಿಟ್ಟೋರ ಹೆಸರು ಈಗ ಹಾಕಂಗೇ ಇಲ್ಲ. ಕಾನೂನಿದೆ.” ನಿಜ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದೆಂಬ ಕಲಮು 1983ರಲ್ಲಿ ಬಂತು. 2012ರ ದೆಹಲಿಯ ಹುಡುಗಿಗೆ ಪತ್ರಿಕೆಯವರು ನಿರ್ಭಯಾ ಅಂತ ಹೆಸರಿಟ್ಟಿದ್ದು ಅದಕ್ಕೇ. ಈ ನರ್ಸಮ್ಮನದು ಆ ಕಲಮಿಗಿಂತ ಹತ್ತು ವರ್ಷ ಹಿಂದಿನ ಕತೆ.

ಅರುಣಾ ಶಾನಭಾಗ, ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ನರ್ಸಿಂಗಿಗೆಂದು ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆ ಸೇರಿದರು. ಅಲ್ಲಿಯ ಡಾಕ್ಟರೊಬ್ಬರ ಜೊತೆ ಮದುವೆಯೂ ಗೊತ್ತಾಗಿತ್ತು. 1973ರ ನವೆಂಬರ್ 27ರ ರಾತ್ರಿ ಆಸ್ಪತ್ರೆಯ ಜಾಡಮಾಲಿಯೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದ. ಮಿದುಳಿಗೆ ಪ್ರಾಣವಾಯು ನಿಂತಿತು. ಕೊಲೆಯತ್ನ, ದರೋಡೆ ಅಂತ ಅವನಿಗೆ ಆದದ್ದು 7 ವರ್ಷ. ಅರುಣಾಗೆ ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ.

ಅಕ್ಕನ ಕೈ ನಿಂತಿತು. “ನಲವತ್ತೆರಡು? ನೋಡ್ಕಂಡೋರು ಯಾರು?”

ಅಲ್ಲಿಯ ನರ್ಸುಗಳು. ಹಳಬರು ರಿಟೈರಾದರು, ಹೊಸಬರು ಬಂದರು, ಕೈ ಬದಲಾಯಿತೇ ಹೊರತು ಆರೈಕೆ ನಿಲ್ಲಲಿಲ್ಲ. ದಯಾಮರಣ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದಾಗ, ಬೇಡ, ಈಕೆ ನಮ್ಮವಳು ಅಂದವರೂ ಅವರೇ. ಕೋರ್ಟು 2011ರ ಮಾರ್ಚ್ 7ರಂದು ಅವರ ಮಾತನ್ನೇ ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಇಂಥ ಸ್ಥಿತಿಯ ಬೇರೆ ರೋಗಿಗಳ ಚಿಕಿತ್ಸೆ ಹಿಂತೆಗೆಯಲು ದೇಶಕ್ಕೇ ದಾರಿ ತೆರೆಯಿತು. 2015ರ ಮೇ 18ಕ್ಕೆ ಅರುಣಾ ನ್ಯುಮೋನಿಯಾದಿಂದ ಹೋದರು. ಮೀನಿನ ಸೂಪು ಕೊಟ್ಟರೆ ಅವರ ಮುಖ ಅರಳುತ್ತಿತ್ತು ಅಂತ ನರ್ಸುಗಳು ಹೇಳುತ್ತಿದ್ದರು. ಎಲ್ಲ ಮರೆತ ಮೇಲೂ ನಾಲಗೆಯಲ್ಲಿ ಹಳದೀಪುರ ಉಳಿದಿತ್ತು ಅಂತ ನಾನು ಅಂದುಕೊಂಡಿದ್ದೇನೆ.

ಇಷ್ಟಾಗಿಯೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ಪುಟದ ತಲೆಬರಹ ‘ಅರುಣಾ ಶಾನಭಾಗ ಪ್ರಕರಣ’. ಕಟ್ಟಳೆ ಪ್ರಕಾರ ಸರಿಯೇ ಇರಬಹುದು. ನನಗೆ ಮಾತ್ರ ಆ ಕೊನೆಯ ಪದ ಹಲ್ಲಿಗೆ ಸಿಕ್ಕ ಅಡಿಕೆ ನಾರಿನಂತೆ. ಹೊಡೆತದ ಆಚೆಗೂ ಈಚೆಗೂ ಹೇಳಲು ಏನಾದರೂ ಇದ್ದವರಿಗೆ ಬೇರೆ ಪುಟ ಕೊಡಬೇಕು. ಹೊಡೆತವೊಂದೇ ಇದ್ದರೆ ಪಾಪ, ಅವರನ್ನು ಅವರ ಪಾಡಿಗೆ ಬಿಡುವುದೇ ಮರ್ಯಾದೆ. ಜೀವನದ ಅತ್ಯಂತ ಕೆಟ್ಟ ದಿನವನ್ನು ಹೆಸರಿನ ಪಕ್ಕದಲ್ಲಿ ಮೊಳೆ ಹೊಡೆದು ನಿಲ್ಲಿಸಿಕೊಳ್ಳಲು ಯಾರಿಗೆ ಇಷ್ಟ?

“ಆ ಮೀನಿನ ಸಾರು ಬರೆದವ್ನಾ ಇವ್ನು?” ಎನ್ನುತ್ತ ಅಕ್ಕ ಚೊಗರಿನ ಬೆರಳಲ್ಲೇ ಮೊಮ್ಮಗನಿಗೆ ಫೋನು ಒತ್ತಿದರು. ಸ್ಪೀಕರಿನಲ್ಲಿ ಹುಡುಗ, “ಅಜ್ಜಿ, ಅದಕ್ಕೆ ಆಧಾರ ಬೇಕು.”

“ಆಧಾರ ಮೇಷ್ಟ್ರು ಹುಡುಕ್ಕೊಡ್ತಾರೆ. ನೀನು ಮೊದಲ್ನೇ ಸಾಲಲ್ಲೇ ಸರಪಳಿ ತರಬ್ಯಾಡ. ಹಳದೀಪುರದಿಂದ ಶುರು ಮಾಡು.”

“ಹಂಗೆ ಆಗಲ್ಲ ಅಜ್ಜಿ. ಯಾಕೆ ಹೆಸರಾದ್ರು ಅನ್ನೋದು ಮೊದಲ್ನೇ ಸಾಲಲ್ಲೇ ಬರಬೇಕು.”

ಅಕ್ಕ ಮೆಟ್ಟುಗತ್ತಿಯ ಮೇಲೆ ಇನ್ನೊಂದು ಅಡಿಕೆ ಇಟ್ಟು, ವ್ಯಾಪಾರಿಯ ಜೊತೆ ರೇಟು ಕುದುರಿಸುವ ದನಿಯಲ್ಲಿ ಅಂದರು: “ಸರಿ. ಎರಡನೇ ಸಾಲು?”